ಧರ್ಮಪ್ರಭು ಅಮೋಘವರ್ಷ ನೃಪತುಂಗ

ಮಾನ್ಯಖೇಟದ ರಾಷ್ಟ್ರಕೂಟ ಸಿಂಹಾಸನವನ್ನು ಅಲಂಕರಿಸಿದ ಅರಸರಲ್ಲಿ ಜೈನ ಸಮಾಜವು ಇಂದಿಗೂ ಪೂಜ್ಯಭಾವದಿಂದ ಸ್ಮರಿಸುವ ಹೆಸರು ಅಮೋಘವರ್ಷ ನೃಪತುಂಗನದು. ಸುಮಾರು ಕ್ರಿ.ಶ. 800ರಲ್ಲಿ, ತಂದೆ ಮೂರನೆಯ ಗೋವಿಂದನು ಉತ್ತರದ ದಿಗ್ವಿಜಯವನ್ನು ಮುಗಿಸಿ ಮರಳುತ್ತಿದ್ದಾಗ, ನರ್ಮದಾ ಪ್ರಾಂತದ ಶ್ರೀಭವನದಲ್ಲಿ ಈತನು ಜನಿಸಿದನು. ಶರ್ವನೆಂಬುದು ಈತನ ಮೊದಲ ಹೆಸರು.

814ರಲ್ಲಿ ತಂದೆಯು ಕಾಲವಶನಾದಾಗ ಶರ್ವನಿನ್ನೂ ಹದಿನಾಲ್ಕರ ಆಸುಪಾಸಿನ ಬಾಲಕ. ತಂದೆಯ ಖಡ್ಗಕ್ಕೆ ಅಂಜಿ ತಲೆಬಾಗಿದ್ದ ಸಾಮಂತರು ದಂಗೆಯೆದ್ದರು. ವೆಂಗಿಯ ಚಾಲುಕ್ಯ ವಿಜಯಾದಿತ್ಯನೂ ಹಗೆ ಸಾಧಿಸಿದನು. ಬಾಲಚಕ್ರವರ್ತಿಯು ಕೆಲಕಾಲ ಸಿಂಹಾಸನದಿಂದಲೇ ವಂಚಿತನಾಗಬೇಕಾಯಿತು. ಆಗ ಆಸರೆಯಾದವನು ಲಾಟದೇಶದ ಮಾಂಡಲಿಕನೂ ದಾಯಾದಿಯೂ ಆದ ಕರ್ಕ ಸುವರ್ಣವರ್ಷನು. ಆತನು ಬಂಡಾಯಗಾರರನ್ನು ಅಡಗಿಸಿ, 821ರ ವೇಳೆಗೆ ರಾಜ್ಯವನ್ನು ತಾನು ಅಪಹರಿಸದೆ, ನ್ಯಾಯವಾದ ಒಡೆಯನಿಗೇ ಒಪ್ಪಿಸಿದನು. ದಾಯಾದಿಕಲಹಗಳಿಂದ ತುಂಬಿದ ರಾಜಚರಿತ್ರೆಯಲ್ಲಿ ಇಂತಹ ಸ್ವಾಮಿನಿಷ್ಠೆ ಅಪರೂಪವಾದುದು.

ಐಶ್ವರ್ಯದ ಅಸ್ಥಿರತೆಯನ್ನು ಎಳೆವಯಸ್ಸಿನಲ್ಲೇ ಕಂಡ ಈ ಅರಸನು ಮುಂದೆ ತಂದೆಯಂತೆ ದಿಗ್ವಿಜಯಗಳನ್ನು ಅರಸಿ ಹೊರಡಲಿಲ್ಲ. ವಿಂಗವಳ್ಳಿಯ ಯುದ್ಧದಲ್ಲಿ ವೆಂಗಿಯವರನ್ನು ಸೋಲಿಸಿದನು. ಆದರೆ ಬಹುಕಾಲ ಕಾದಾಡಿದ ಗಂಗರೊಡನೆ, ಮಗಳು ಚಂದ್ರೋಬಲಬ್ಬೆಯನ್ನು ಬೂತುಗನಿಗೆ ವಿವಾಹಮಾಡಿಕೊಟ್ಟು ಬಾಂಧವ್ಯ ಬೆಳೆಸಿದನು. ದಂಡನಾಯಕ ಬಂಕೇಯನು ಈತನ ಬಲಗೈಯಾಗಿದ್ದನು. ಆತನು ಕೊಳನೂರಿನಲ್ಲಿ ನಿರ್ಮಿಸಿದ ಜಿನಾಲಯಕ್ಕೆ ಚಕ್ರವರ್ತಿಯು 860ರಲ್ಲಿ ದತ್ತಿಯನ್ನಿತ್ತನು. 851ರ ಅರಬ್ಬೀ ವೃತ್ತಾಂತವೊಂದು ಈತನನ್ನು ಜಗತ್ತಿನ ನಾಲ್ವರು ಮಹಾರಾಜರ ಸಾಲಿನಲ್ಲಿ ಎಣಿಸಿದೆ.

ಈತನ ಗುರುಗಳು ಪರಮಪೂಜ್ಯ ಜಿನಸೇನಾಚಾರ್ಯರು. ವೀರಸೇನಾಚಾರ್ಯರು ಇಪ್ಪತ್ತು ಸಾವಿರ ಶ್ಲೋಕ ಪ್ರಮಾಣದವರೆಗೆ ರಚಿಸಿ ನಿಲ್ಲಿಸಿದ್ದ ಜಯಧವಲ ಟೀಕೆಯನ್ನು, ಶಿಷ್ಯರಾದ ಜಿನಸೇನರು ಮತ್ತೆ ನಲವತ್ತು ಸಾವಿರ ಪ್ರಮಾಣದಷ್ಟು ಬರೆದು 837ರಲ್ಲಿ ಪೂರ್ಣಗೊಳಿಸಿದರು. ಶಾಕಟಾಯನರು ತಮ್ಮ ವ್ಯಾಕರಣದ ವೃತ್ತಿಗೆ ಅಮೋಘವೃತ್ತಿಯೆಂದು ಅರಸನ ಹೆಸರನ್ನೇ ಇಟ್ಟರು. ಬಡ್ಡಿಯ ಲೆಕ್ಕ, ಪಾಲುದಾರರ ಲಾಭವಿಭಾಗ, ಚಿನ್ನದ ಬಣ್ಣಗಳ ಲೆಕ್ಕ ಮೊದಲಾದ ವ್ಯವಹಾರೋಪಯೋಗಿ ವಿಷಯಗಳನ್ನೊಳಗೊಂಡ ಗಣಿತಸಾರಸಂಗ್ರಹವನ್ನು ಮಹಾವೀರಾಚಾರ್ಯರು ರಚಿಸಿದುದೂ ಈತನ ಕಾಲದಲ್ಲಿಯೇ. ಕಾವೇರಿಯಿಂದ ಗೋದಾವರಿಯವರೆಗಿನ ಕನ್ನಡನಾಡನ್ನು ಗುರುತಿಸಿದ ಕವಿರಾಜಮಾರ್ಗವು ಈತನ ಆಸ್ಥಾನದಲ್ಲಿಯೇ ಉದಯಿಸಿತು.

ಜಿನಭಕ್ತನಾದರೂ ಈತನು ಅನ್ಯಮತದ್ವೇಷಿಯಲ್ಲ. ಪ್ರಜೆಗಳಿಗೆ ಒದಗಿದ ವಿಪತ್ತು ನಿವಾರಣೆಯಾಗಲೆಂದು ತನ್ನ ಎಡಗೈಯ ಬೆರಳನ್ನೇ ಮಹಾಲಕ್ಷ್ಮಿಗೆ ಅರ್ಪಿಸಿದನೆಂದು 871ರ ಸಂಜಾನ್ ತಾಮ್ರಶಾಸನವು ಸಾರುತ್ತದೆ.

ಬಾಲ್ಯದಲ್ಲಿ ಶತ್ರುಗಳು ಕಸಿದುಕೊಂಡಿದ್ದ ರಾಜ್ಯವನ್ನು ವೃದ್ಧಾಪ್ಯದಲ್ಲಿ ಈತನು ತಾನಾಗಿಯೇ ತ್ಯಜಿಸಿದನು. ವಿವೇಕೋದಯದಿಂದ ರಾಜ್ಯತ್ಯಾಗ ಮಾಡಿದ ಅಮೋಘವರ್ಷನೇ ಪ್ರಶ್ನೋತ್ತರರತ್ನಮಾಲಿಕೆಯ ಕರ್ತೃವೆಂದು ಜೈನ ಪರಂಪರೆಯು ತಿಳಿಸುತ್ತದೆ. ಸುಮಾರು ಅರುವತ್ತನಾಲ್ಕು ವರ್ಷಗಳ ಆಳ್ವಿಕೆಯ ನಂತರ, 878ರ ಹೊತ್ತಿಗೆ ಮಗ ಎರಡನೆಯ ಕೃಷ್ಣನು ಪಟ್ಟವೇರಿದನು.

ಮಾನ್ಯಖೇಟವು ಇಂದು ಕಾಗಿಣಾ ನದಿಯ ದಡದ ಮಳಖೇಡ. ಅಲ್ಲಿನ ಕೋಟೆ ಹಾಳುಬಿದ್ದಿದೆ. ಚಕ್ರವರ್ತಿಯ ಅರಮನೆಯಾಗಲಿ ಭಂಡಾರವಾಗಲಿ ಉಳಿದಿಲ್ಲ. ಆದರೆ ಆತನ ಕಾಲದಲ್ಲಿ ಪೂರ್ಣಗೊಂಡ ಜಯಧವಲದ ತಾಡವೋಲೆ ಪ್ರತಿಯನ್ನು ಮೂಡಬಿದಿರೆಯ ಶ್ರಾವಕರು ತಲೆತಲಾಂತರದಿಂದ ಕಾಪಾಡಿಕೊಂಡು ಬಂದಿದ್ದಾರೆ. ಕೂಡಿಟ್ಟ ಸಂಪತ್ತು ಅಳಿಯಿತು, ಧರ್ಮಕ್ಕೆ ವಿನಿಯೋಗವಾದುದು ಉಳಿಯಿತು. ಜಿನಬಿಂಬ ಪ್ರತಿಷ್ಠೆಯ ಈ ಪುಣ್ಯಾವಸರದಲ್ಲಿ ಶ್ರಾವಕ ಶ್ರಾವಿಕೆಯರೆಲ್ಲರೂ ಮನನ ಮಾಡಬೇಕಾದ ವಿಷಯವಿದು.