ಐದು ಡಾಲರ್ ನೋಟಿನ ಅಜ್ಜಿ

ಮಕ್ಕಳೇ, ಚುನಾವಣೆಯ ಶನಿವಾರ ಅಪ್ಪ ಅಮ್ಮನ ಜೊತೆ ಮತಗಟ್ಟೆಗೆ ಹೋಗಿದ್ದೀರಾ? ಶಾಲೆಯ ಗೇಟಿನ ಹತ್ತಿರ ಸಾಸೇಜ್ ಸುಡುವ ವಾಸನೆ, ಉದ್ದದ ಕ್ಯೂ, ಒಳಗೆ ರಟ್ಟಿನ ಗೂಡುಗಳು. ಅಲ್ಲಿ ಅಮ್ಮ ಹೆಸರುಗಳ ಮುಂದೆ 1, 2, 3 ಅಂತ ಅಂಕಿ ಬರೆಯುವುದನ್ನು ನೀವು ನೋಡಿರಬಹುದು. ಇಂಡಿಯಾದಲ್ಲಿ ಒಂದು ಗುಂಡಿ ಒತ್ತಿದರೆ ಮುಗಿಯಿತು, ಇಲ್ಲೇಕೆ ಇಷ್ಟೊಂದು ಲೆಕ್ಕ ಅಂತ ನಾನೂ ಮೊದಲ ಸಲ ಗೊಣಗಿದ್ದೆ. ಆಮೇಲೆ ಈ ಲೆಕ್ಕಕ್ಕಾಗಿಯೇ ಐವತ್ತು ವರ್ಷ ಓಡಾಡಿದ ಒಬ್ಬ ಅಜ್ಜಿಯ ಕಥೆ ಓದಿದೆ. ಅವರ ಹೆಸರು ಕ್ಯಾಥರೀನ್ ಹೆಲೆನ್ ಸ್ಪೆನ್ಸ್. 2001ರಲ್ಲಿ ಆಸ್ಟ್ರೇಲಿಯಾ ಒಕ್ಕೂಟಕ್ಕೆ ನೂರು ವರ್ಷ ತುಂಬಿದಾಗ ಬಂದ ವಿಶೇಷ ಐದು ಡಾಲರ್ ನೋಟಿನ ಒಂದು ಬದಿಯಲ್ಲಿ ಇರುವುದು ಅವರ ಚಿತ್ರವೇ.

ಕ್ಯಾಥರೀನ್ ಹುಟ್ಟಿದ್ದು 1825ರಲ್ಲಿ, ಸ್ಕಾಟ್ಲೆಂಡಿನ ಮೆಲ್‌ರೋಸ್ ಎಂಬ ಊರಿನಲ್ಲಿ. ಅಪ್ಪ ಡೇವಿಡ್ ಸ್ಪೆನ್ಸ್ ವಕೀಲರು. ಗೋಧಿ ವ್ಯಾಪಾರಕ್ಕೆ ದುಡ್ಡು ಹಾಕಿ ಎಲ್ಲವನ್ನೂ ಕಳೆದುಕೊಂಡರು. 1839ರಲ್ಲಿ ಸಂಸಾರ ಹಡಗು ಹತ್ತಿ ದಕ್ಷಿಣ ಆಸ್ಟ್ರೇಲಿಯಾಕ್ಕೆ ಬಂತು. ಆಗ ಕ್ಯಾಥರೀನ್‌ಗೆ ಹದಿನಾಲ್ಕು ವರ್ಷ. ಬಂದ ಹೊಸದರಲ್ಲಿ ತಿಂಗಳುಗಟ್ಟಲೆ ಡೇರೆಯಲ್ಲೇ ವಾಸ. ಹಸಿರು ಬೆಟ್ಟಗಳ ನಾಡಿನಿಂದ ಬರಗಾಲದ ಧೂಳಿಗೆ ಬಂದು ಬಿದ್ದ ಹುಡುಗಿಗೆ ಹೇಗಾಗಿರಬೇಕು, ಯೋಚಿಸಿ. ನಿಮ್ಮಲ್ಲಿ ಕೆಲವರು ಹತ್ತು ಹನ್ನೆರಡನೇ ವಯಸ್ಸಿಗೆ ಬೆಂಗಳೂರು ಬಿಟ್ಟು ಬಂದವರು, ನಿಮಗೆ ಸ್ವಲ್ಪ ಗೊತ್ತಾಗುತ್ತದೆ.

ಮರುವರ್ಷ, 1840ರಲ್ಲಿ, ಅಡಿಲೇಡ್ ನಗರಸಭೆಗೆ ಮೊದಲ ಚುನಾವಣೆ ನಡೆಯಿತು. ನಗರಸಭೆಯ ಮೊದಲ ಗುಮಾಸ್ತರಾದವರು ಕ್ಯಾಥರೀನ್ ಅವರ ಅಪ್ಪನೇ! ಹತ್ತೊಂಬತ್ತು ಸ್ಥಾನಗಳಿದ್ದ ಆ ಚುನಾವಣೆಯ ಕಾನೂನಿನಲ್ಲಿ ಒಂದು ವಿಚಿತ್ರ ಅವಕಾಶವಿತ್ತು. ಸಾಕಷ್ಟು ಮತದಾರರು ಒಟ್ಟಾಗಿ ಒಂದು ಗುಂಪು ಮಾಡಿಕೊಂಡು, ಎಲ್ಲರೂ ಒಪ್ಪಿದರೆ, ತಮ್ಮದೇ ಒಬ್ಬ ಸದಸ್ಯನನ್ನು ಆರಿಸಬಹುದಿತ್ತು. ಉಳಿದವರು ಯಾರಿಗೆ ಹಾಕಿದರು ಅನ್ನುವ ಹಂಗೇ ಇಲ್ಲ. ಈ ಉಪಾಯ ಸೇರಿಸಿದವರು ರೋಲೆಂಡ್ ಹಿಲ್. ಹೌದು, ಅಂಚೆ ಚೀಟಿ ಶುರು ಮಾಡಿದ ಅದೇ ರೋಲೆಂಡ್ ಹಿಲ್. ಅವರ ತಂದೆ ಮೇಷ್ಟ್ರು. ಆ ಮೇಷ್ಟ್ರ ಶಾಲೆಯಲ್ಲಿ ಚುನಾವಣೆ ಹೀಗೆ ನಡೆಯುತ್ತಿತ್ತು ಅಂತ ಹೇಳುತ್ತಾರೆ: ಪ್ರತಿ ಹುಡುಗ ತನಗೆ ಬೇಕಾದ ಹುಡುಗನ ಪಕ್ಕ ಹೋಗಿ ನಿಲ್ಲಬೇಕು. ಒಬ್ಬನ ಪಕ್ಕ ಬೇಕಾದ್ದಕ್ಕಿಂತ ಜಾಸ್ತಿ ಜನ ಇದ್ದರೆ, ಹೆಚ್ಚಾದವರು ತಮ್ಮ ಎರಡನೇ ಆಯ್ಕೆಯ ಕಡೆ ಹೋಗುತ್ತಾರೆ. ಒಬ್ಬನ ಪಕ್ಕ ತೀರಾ ಕಡಿಮೆ ಜನ ಇದ್ದರೆ, ಅವನನ್ನು ಬಿಟ್ಟು ಅವರೂ ಬೇರೆ ಕಡೆ ಹೋಗುತ್ತಾರೆ. ಕೊನೆಗೆ ಹೆಚ್ಚುಕಡಿಮೆ ಎಲ್ಲರೂ ಗೆದ್ದ ಯಾರದೋ ಒಬ್ಬರ ಪಕ್ಕದಲ್ಲಿ ಇರುತ್ತಾರೆ.

ಇದರಲ್ಲಿ ಏನು ವಿಶೇಷ? ನಮ್ಮ ಕನ್ನಡ ಶಾಲೆಯ ಲೆಕ್ಕದಲ್ಲೇ ನೋಡೋಣ. ವಾರ್ಷಿಕೋತ್ಸವಕ್ಕೆ ಮೂರು ತಿಂಡಿ ಆರಿಸಬೇಕು, ನಲವತ್ತು ಮಕ್ಕಳು. 21 ಮಕ್ಕಳಿಗೆ ಸಿಹಿ ಬೇಕು: ಹೋಳಿಗೆ, ಮೈಸೂರ್‌ಪಾಕ್, ಜಾಮೂನು. 19 ಮಕ್ಕಳಿಗೆ ಖಾರ ಬೇಕು: ಬೋಂಡ, ಚಕ್ಕುಲಿ, ನಿಪ್ಪಟ್ಟು. ಒಬ್ಬೊಬ್ಬರು ಮೂರು ಕೈ ಎತ್ತಿದರೆ ಮೂರು ಸಿಹಿಗೂ ತಲಾ 21, ಮೂರು ಖಾರಕ್ಕೂ ತಲಾ 19. ಮೂರೂ ಸಿಹಿ ತಿಂಡಿಯೇ ಗೆದ್ದವು! ಸುಮಾರು ಅರ್ಧ ಶಾಲೆಗೆ ಏನೂ ಸಿಗಲಿಲ್ಲ.

ಈಗ ಅಂಕಿ ಬರೆಯೋಣ. ಹನ್ನೊಂದು ವೋಟು ಸಿಕ್ಕಿದರೆ ಗೆದ್ದಂತೆ, ಯಾಕಂದ್ರೆ ನಲವತ್ತರಲ್ಲಿ ನಾಲ್ಕು ತಿಂಡಿಗೆ ಹನ್ನೊಂದು ಬರುವುದಕ್ಕೆ ಸಾಧ್ಯವೇ ಇಲ್ಲ. ಮೊದಲ ಆಯ್ಕೆಯಲ್ಲಿ ಹೋಳಿಗೆಗೆ 15, ಮೈಸೂರ್‌ಪಾಕಿಗೆ 6, ಬೋಂಡಕ್ಕೆ 12, ಚಕ್ಕುಲಿಗೆ 7 ಅಂತಿಟ್ಟುಕೊಳ್ಳಿ. ಜಾಮೂನು, ನಿಪ್ಪಟ್ಟಿಗೆ ಸೊನ್ನೆ. ಹೋಳಿಗೆ, ಬೋಂಡ ಪಾಸ್. ಹೋಳಿಗೆಯ ಹೆಚ್ಚುವರಿ 4 ಮೈಸೂರ್‌ಪಾಕಿಗೆ ಹೋಗಿ 10 ಆಯಿತು. ಬೋಂಡದ ಹೆಚ್ಚುವರಿ 1 ಚಕ್ಕುಲಿಗೆ ಹೋಗಿ 8 ಆಯಿತು. ಹಿಂದೆ ಬಿದ್ದವರನ್ನು ತೆಗೆದರೆ ಉಳಿಯುವುದು ಮೈಸೂರ್‌ಪಾಕ್. ಎರಡು ಸಿಹಿ, ಒಂದು ಖಾರ. ಬಹುಮತ ಬಹುಮತವಾಗಿಯೇ ಉಳಿಯಿತು, ಆದರೆ ಉಳಿದವರ ತಟ್ಟೆ ಖಾಲಿಯಾಗಲಿಲ್ಲ. ಇದಕ್ಕೆ ಅನುಪಾತ ಪ್ರಾತಿನಿಧ್ಯ ಅನ್ನುತ್ತಾರೆ. ಕ್ಯಾಥರೀನ್ ಇದನ್ನು ಪರಿಣಾಮಕಾರಿ ಮತದಾನ ಅಂತ ಕರೆದರು.

ನಡುವಿನ ವರ್ಷಗಳಲ್ಲಿ ಅವರು ಮನೆಪಾಠ ಹೇಳಿದರು, ಕಾದಂಬರಿ ಬರೆದರು. ಮದುವೆಯಾಗಲಿಲ್ಲ, ಆದರೆ ತಾಯಿತಂದೆ ಇಲ್ಲದ ಮಕ್ಕಳನ್ನು ತಮ್ಮ ಮನೆಯಲ್ಲಿಟ್ಟುಕೊಂಡು ಬೆಳೆಸಿದರು. ಅನಾಥ ಮಕ್ಕಳನ್ನು ದೊಡ್ಡ ಆಶ್ರಮಗಳಲ್ಲಿ ಕೂಡಿಹಾಕದೆ ಮನೆಗಳಲ್ಲಿ ಇಡಬೇಕು ಅಂತ ಕ್ಯಾರೊಲೀನ್ ಎಮಿಲಿ ಕ್ಲಾರ್ಕ್ ಜೊತೆ ಸೇರಿ ದುಡಿದರು. ದೇಶದ ಕಾನೂನುಗಳ ಬಗ್ಗೆ ಶಾಲಾ ಮಕ್ಕಳಿಗೆ ಒಂದು ಪಠ್ಯಪುಸ್ತಕವನ್ನೂ ಬರೆದರು.

1859ರಲ್ಲಿ ಲಂಡನ್ನಿನ ಥಾಮಸ್ ಹೇರ್ ಅವರ ಮತದಾನ ಯೋಜನೆಯ ಬಗ್ಗೆ ಜಾನ್ ಸ್ಟುವರ್ಟ್ ಮಿಲ್ ಬರೆದ ಲೇಖನ ಅವರ ಕೈಗೆ ಬಂತು. ಅಡಿಲೇಡಿನ ಹಳೆಯ ಚುನಾವಣೆ ಅವರಿಗೆ ಗೊತ್ತೇ ಇತ್ತಲ್ಲ, ತಕ್ಷಣ ಹಿಡಿಸಿತು. 1861ರಲ್ಲಿ ಒಂದು ಕಿರುಪುಸ್ತಕ ಬರೆದರು. ಹೆಚ್ಚು ಜನ ತಲೆಕೆಡಿಸಿಕೊಳ್ಳಲಿಲ್ಲ. ಗಮನಿಸಿ, ಆಗ ಅವರಿಗೇ ವೋಟು ಹಾಕುವ ಹಕ್ಕು ಇರಲಿಲ್ಲ!

ಅರವತ್ತು ದಾಟಿದ ಮೇಲೆ ಊರೂರು ತಿರುಗಿ ಭಾಷಣ ಮಾಡಲು ಹೊರಟರು. ಬರೀ ಭಾಷಣ ಅಲ್ಲ, ಡೆಮೊ. ಸಭೆಗೆ ಬಂದವರಿಗೆ ಮಾದರಿ ಮತಪತ್ರ ಹಂಚಿ, ಅಂಕಿ ಬರೆಸಿ, ಅಲ್ಲೇ ಎಣಿಸಿ ತೋರಿಸುತ್ತಿದ್ದರು. ನನ್ನಂಥ ಸಾಫ್ಟ್‌ವೇರ್‌ನವನಿಗೆ ಇದು ತುಂಬಾ ಇಷ್ಟವಾದ ಭಾಗ. 1893ರಲ್ಲಿ ಅಮೆರಿಕಕ್ಕೂ ಹೋಗಿ ಇದನ್ನೇ ಹೇಳಿದರು. 1894ರ ಡಿಸೆಂಬರಿನಲ್ಲಿ ವಾಪಸ್ ಬಂದರು. ಅದೇ ತಿಂಗಳು ದಕ್ಷಿಣ ಆಸ್ಟ್ರೇಲಿಯಾದ ಹೆಂಗಸರಿಗೆ ವೋಟು ಹಾಕುವ ಹಕ್ಕೂ ಚುನಾವಣೆಗೆ ನಿಲ್ಲುವ ಹಕ್ಕೂ ಸಿಕ್ಕಿತು.

1897ರಲ್ಲಿ ಅಜ್ಜಿ ತಾವೇ ಕಣಕ್ಕಿಳಿದರು. ಆಸ್ಟ್ರೇಲಿಯಾದಲ್ಲಿ ಚುನಾವಣೆಗೆ ನಿಂತ ಮೊದಲ ಮಹಿಳೆ ಅವರು. ದೇಶಕ್ಕೆ ಸಂವಿಧಾನ ಬರೆಯುವ ಸಭೆಗೆ ಹತ್ತು ಜನರನ್ನು ಕಳಿಸಬೇಕಿತ್ತು, ನಿಂತವರು 33. ಅಲ್ಲಿದ್ದದ್ದು ನಾವು ಮೂರು ಕೈ ಎತ್ತಿದೆವಲ್ಲ, ಆ ಪದ್ಧತಿ: ಪ್ರತಿಯೊಬ್ಬರಿಗೂ ಹತ್ತು ವೋಟು. ತಾವು ವಿರೋಧಿಸಿದ ಪದ್ಧತಿಯಲ್ಲೇ ನಿಂತು 7,000ಕ್ಕೂ ಹೆಚ್ಚು ವೋಟು ಪಡೆದು 22ನೆಯವರಾಗಿ ಸೋತರು.

ಹಾಗಂತ ಅಜ್ಜಿಯ ಪದ್ಧತಿಯಲ್ಲಿ ತೊಂದರೆಯೇ ಇಲ್ಲ ಅಂತ ತಿಳಿಯಬೇಡಿ. ಎಣಿಕೆ ನಿಧಾನ. ತಿಂಡಿಯ ಲೆಕ್ಕಕ್ಕೆ ನಾನೊಂದು ಪುಟ್ಟ ಪ್ರೋಗ್ರಾಂ ಬರೆದೆ. ಮೊದಲ ಸಲ ಹೋಳಿಗೆಯ ಹದಿನೈದೂ ವೋಟು ಮುಂದೆ ಸಾಗಿ ಮೈಸೂರ್‌ಪಾಕಿಗೆ 21 ತೋರಿಸಿತು, ಮಗಳು ನಕ್ಕಳು. ಯಾವ ಹದಿನೈದರಲ್ಲಿ ಯಾವ ನಾಲ್ಕು ಸಾಗಬೇಕು ಅನ್ನುವುದೂ ಸುಲಭದ ಪ್ರಶ್ನೆಯಲ್ಲ. ಜೊತೆಗೆ ಚಿಕ್ಕಪುಟ್ಟ ಪಕ್ಷಗಳು ಹೆಚ್ಚುತ್ತವೆ. 1999ರಲ್ಲಿ ನ್ಯೂ ಸೌತ್ ವೇಲ್ಸ್ ಮೇಲ್ಮನೆಗೆ 264 ಜನ ನಿಂತು, ಮತಪತ್ರ ಮೇಜಿನ ಬಟ್ಟೆಯಷ್ಟು ದೊಡ್ಡದಾಗಿತ್ತು. ಒಂದು ಕ್ಷೇತ್ರಕ್ಕೆ ಒಬ್ಬರೇ ಇದ್ದರೆ ರಸ್ತೆ ಗುಂಡಿಗೆ ಯಾರನ್ನು ಕೇಳಬೇಕು ಅನ್ನುವುದಾದರೂ ಗೊತ್ತಿರುತ್ತದೆ. ಆದರೂ ಇದ್ದಕ್ಕಿದ್ದಂತೆ ಅರ್ಧ ಊರು ಲೆಕ್ಕಕ್ಕೇ ಇಲ್ಲದಂತಾಗುವುದಕ್ಕಿಂತ ದೊಡ್ಡ ಕಾಗದ ವಾಸಿ ಅಂತ ನನಗನಿಸುತ್ತದೆ. ನಿಮ್ಮ ಅಪ್ಪ ಅಮ್ಮ ಒಪ್ಪದಿದ್ದರೆ ಮನೆಯಲ್ಲಿ ವಾದ ಮಾಡಿ.

ನೀವು ಅಮ್ಮನ ಕೈಯಲ್ಲಿ ನೋಡುವ ಎರಡು ಕಾಗದಗಳಲ್ಲಿ ಚಿಕ್ಕದು ಕೆಳಮನೆಯದು. ಅಲ್ಲಿ ಅಂಕಿ ಬರೆದರೂ ಗೆಲ್ಲುವವರು ಒಬ್ಬರೇ. ದೊಡ್ಡದು ಸೆನೆಟ್‌ನದು. 1949ರಿಂದ ಅಲ್ಲಿ ಇರುವುದು ಅಜ್ಜಿಯ ಬಗೆಯ ಎಣಿಕೆ. ಇಂಡಿಯಾಕ್ಕೂ ಇದು ಹೊಸದಲ್ಲ: ಲೋಕಸಭೆಗೆ ಹೆಚ್ಚು ವೋಟು ಬಂದವರು ಗೆದ್ದರೂ, ನಮ್ಮ ಕರ್ನಾಟಕದ ಶಾಸಕರು ರಾಜ್ಯಸಭೆಗೆ ಸದಸ್ಯರನ್ನು ಆರಿಸುವಾಗ ಹೀಗೆಯೇ 1, 2, 3 ಬರೆಯುತ್ತಾರೆ.

ಅಜ್ಜಿ ಇದನ್ನೆಲ್ಲ ನೋಡಲಿಲ್ಲ. ನೋಡಿದ್ದು ಟಾಸ್ಮೇನಿಯಾವನ್ನು ಮಾತ್ರ. ಅಲ್ಲಿ 1909ರ ಚುನಾವಣೆ ಇಡೀ ರಾಜ್ಯದಲ್ಲಿ ಈ ಪದ್ಧತಿಯಲ್ಲಿ ನಡೆಯಿತು. 1910ರ ಏಪ್ರಿಲ್ 3ರಂದು ಅವರು ತೀರಿಕೊಂಡಾಗ ವಯಸ್ಸು 84. ಆತ್ಮಕಥೆ ಬರೆಯುತ್ತಿದ್ದರು, ಅದು ಅರ್ಧಕ್ಕೇ ನಿಂತಿತ್ತು. ಮತದಾನದ ಕೆಲಸದಲ್ಲಿ ಜೊತೆಗಿದ್ದ ಗೆಳತಿ ಜೀನ್ ಯಂಗ್, ಅವರ ದಿನಚರಿಗಳನ್ನು ಮುಂದಿಟ್ಟುಕೊಂಡು ಉಳಿದ ಭಾಗವನ್ನು ಬರೆದು ಮುಗಿಸಿದರು.