ಕಲಿಸಲು ಹೋಗಿ ಕಲಿತ ಗುರು

ಬೇರೆ ಭಾಷೆ, ಬೇರೆ ಊಟ, ಬೇರೆ ನಡೆನುಡಿಯ ಜನರೊಡನೆ ಕೂಡಿ ಕೆಲಸ ಮಾಡುವುದು ಸುಲಭವಲ್ಲ. ಬೆಂಗಳೂರಿನ ಕಚೇರಿಗಳಲ್ಲೋ ಕೊಲ್ಲಿ ರಾಷ್ಟ್ರಗಳ ಆಸ್ಪತ್ರೆಗಳಲ್ಲೋ ದುಡಿಯುತ್ತಿರುವ ನಿಮ್ಮ ಮಕ್ಕಳನ್ನು ಕೇಳಿ ನೋಡಿ. ಕೆಲಸದ ಭಾರಕ್ಕಿಂತ ಪಕ್ಕದವನ ಮನಸ್ಸು ಅರ್ಥವಾಗದ ಭಾರವೇ ಹೆಚ್ಚು ಎನ್ನುತ್ತಾರೆ. ನಾನೂರು ವರ್ಷಗಳ ಹಿಂದೆ ಈ ಭಾರವನ್ನು ಹೊತ್ತ ಒಬ್ಬ ಗುರುಗಳ ಬದುಕನ್ನು ಇಂದು ನಿಮ್ಮ ಮುಂದಿಡುತ್ತೇನೆ. ಅವರೇ ಯೇಸುಸಭೆಯ ಫಾದರ್ ಮತ್ತೆಯೊ ರಿಚ್ಚಿ.

ರಿಚ್ಚಿ ಹುಟ್ಟಿದ್ದು ಇಟಲಿಯ ಮಾಚೆರಾತ ಪಟ್ಟಣದಲ್ಲಿ, 1552ರ ಅಕ್ಟೋಬರ್ 6ರಂದು. ಕಾನೂನು ಓದಲೆಂದು ತಂದೆ ರೋಮಿಗೆ ಕಳುಹಿಸಿದರೆ, ಮಗ 1571ರಲ್ಲಿ ಯೇಸುಸಭೆ ಸೇರಿದರು. ಅಲ್ಲಿ ಪ್ರಸಿದ್ಧ ಗಣಿತಜ್ಞ ಕ್ಲಾವಿಯಸ್ ಅವರ ಬಳಿ ಪಾಠ ಕೇಳಿದರು. 1578ರಲ್ಲಿ ಹಡಗು ಹತ್ತಿ ಗೋವಾಕ್ಕೆ ಬಂದರು. 1580ರಲ್ಲಿ ಕೊಚ್ಚಿಯಲ್ಲಿ ಗುರುದೀಕ್ಷೆ ಪಡೆದರು.

ಗೋವಾದಲ್ಲಿದ್ದಾಗ ನಡೆದ ಒಂದು ಸಂಗತಿಯನ್ನು ನಾವು ಮರೆಯಬಾರದು. ಭಾರತೀಯ ವಿದ್ಯಾರ್ಥಿಗಳಿಗೆ ತತ್ವಶಾಸ್ತ್ರ, ದೈವಶಾಸ್ತ್ರಗಳ ಉನ್ನತ ಪಾಠ ಬೇಡ, ಕಲಿತರೆ ಗರ್ವ ಬಂದೀತು ಎಂದು ಅಲ್ಲಿನ ಹಿರಿಯರು ತೀರ್ಮಾನಿಸಿದ್ದರು. ಇನ್ನೂ 29 ವರ್ಷದ ರಿಚ್ಚಿ 1581ರಲ್ಲಿ ರೋಮಿನ ಮಹಾಶ್ರೇಷ್ಠರಿಗೇ ಪತ್ರ ಬರೆದು ಇದನ್ನು ವಿರೋಧಿಸಿದರು. ಯೂರೋಪಿನವರಿಗೆ ಇಲ್ಲದ ಈ ಅಡ್ಡಿ ಇವರಿಗೇಕೆ ಎಂಬುದು ಅವರ ಪ್ರಶ್ನೆಯಾಗಿತ್ತು.

1582ರಲ್ಲಿ ಮಕಾವ್ ತಲುಪಿದ ರಿಚ್ಚಿ, ಮರುವರ್ಷ ಫಾದರ್ ರುಜ್ಜಿಯೇರಿ ಅವರೊಡನೆ ಚೀನಾದ ಒಳನಾಡಿನ ಜಾವೊಚಿಂಗ್ ನಗರದಲ್ಲಿ ನೆಲೆಸಿದರು. ಧರ್ಮಗುರುಗಳಾದ ತಮಗೆ ಅಲ್ಲಿನ ಬೌದ್ಧ ಭಿಕ್ಷುಗಳ ಉಡುಪೇ ತಕ್ಕದ್ದೆಂದು ತಿಳಿದು, ತಲೆ ಬೋಳಿಸಿ ಆ ವೇಷ ಧರಿಸಿದರು. ಉದ್ದೇಶ ಒಳ್ಳೆಯದೇ. ಆದರೆ ಆ ನಾಡಿನಲ್ಲಿ ಹೆಚ್ಚಿನ ಮನ್ನಣೆ ಇದ್ದದ್ದು ಭಿಕ್ಷುಗಳಿಗಲ್ಲ, ಕನ್ಫ್ಯೂಷಿಯಸ್ ಗ್ರಂಥಗಳನ್ನು ಓದಿದ ಪಂಡಿತರಿಗೆ. ಇದನ್ನು ತಿಳಿಸಿದವರು ರಿಚ್ಚಿಯವರ ಬಳಿ ಗಣಿತ ಕಲಿಯುತ್ತಿದ್ದ ಚೂ ತೈಸು ಎಂಬ ಚೀನೀ ಶಿಷ್ಯರು. ಗುರು ಶಿಷ್ಯನ ಮಾತು ಕೇಳಿದರು. ಮೇಲಧಿಕಾರಿಗಳ ಅಪ್ಪಣೆ ಪಡೆದು, ಗಡ್ಡ ಕೂದಲು ಬಿಟ್ಟು, 1595ರಲ್ಲಿ ಪಂಡಿತರ ರೇಷ್ಮೆ ನಿಲುವಂಗಿ ತೊಟ್ಟರು. ಹನ್ನೆರಡು ವರ್ಷ ನಡೆದ ದಾರಿ ತಪ್ಪೆಂದು ಒಪ್ಪಿಕೊಳ್ಳುವುದು ಎಷ್ಟು ಜನರಿಂದ ಆದೀತು? ಅದೇ ವರ್ಷ ನಾನ್‌ಚಾಂಗ್ ನಗರದಲ್ಲಿ ಅವರು ಚೀನೀ ಭಾಷೆಯಲ್ಲಿ ಪುಸ್ತಕವೊಂದನ್ನು ಬರೆದರು. ಅದರ ವಿಷಯ ಸ್ನೇಹ.

1601ರಲ್ಲಿ ರಿಚ್ಚಿ ಬೀಜಿಂಗ್ ಸೇರಿದರು. ಮರುವರ್ಷ ಲಿ ಝಿಜಾವೊ ಎಂಬ ಅಧಿಕಾರಿಯ ಸಹಾಯದಿಂದ ದೊಡ್ಡದೊಂದು ಭೂಪಟ ಅಚ್ಚಾಯಿತು. ಯೂರೋಪಿನ ಭೂಪಟಗಳಲ್ಲಿ ಚೀನಾ ಒಂದು ಅಂಚಿನಲ್ಲಿರುತ್ತಿತ್ತು. ರಿಚ್ಚಿ ಅದನ್ನು ನಡುವಿನ ಹತ್ತಿರಕ್ಕೆ ತಂದರು. ಭೂಮಿ ಗುಂಡಗಿರುವುದರಿಂದ ನಡು ಎಲ್ಲಿ ಇಟ್ಟರೂ ಸುಳ್ಳಾಗದು. ಸತ್ಯವನ್ನು ತಿರುಚದೆ ಇನ್ನೊಬ್ಬರ ಮಾನ ಕಾಯುವುದು ಹೀಗೆ.

ಅವರ ಸಹಕಾರ್ಯದ ಶ್ರೇಷ್ಠ ಫಲವೆಂದರೆ ಯೂಕ್ಲಿಡ್‌ನ ರೇಖಾಗಣಿತದ ಅನುವಾದ. ಜೊತೆಗಾರರು ಷಾಂಘೈ ಕಡೆಯ ಪಂಡಿತ ಷು ಗ್ವಾಂಗ್‌ಚಿ. 1603ರಲ್ಲಿ ಪೌಲನೆಂಬ ಹೆಸರಿನಿಂದ ದೀಕ್ಷಾಸ್ನಾನ ಪಡೆದವರು. ಹಿಂದೆ ಈ ಅನುವಾದಕ್ಕೆ ಕೈ ಹಾಕಿ ರಿಚ್ಚಿ ಸೋತಿದ್ದರು. ಈಗ ಇಬ್ಬರೂ ದಿನವೂ ಗಂಟೆಗಟ್ಟಲೆ ಎದುರು ಬದುರು ಕುಳಿತರು. ರಿಚ್ಚಿ ಬಾಯಲ್ಲಿ ಹೇಳುವುದು, ಷು ಅದನ್ನು ಒಳ್ಳೆಯ ಚೀನೀ ಬರಹಕ್ಕಿಳಿಸುವುದು. ಮತ್ತೆ ಓದುವುದು, ತಿದ್ದುವುದು. ಮೂರು ಸಲ ತಿದ್ದಿದ ಬಳಿಕ 1607ರಲ್ಲಿ ಮೊದಲ ಆರು ಅಧ್ಯಾಯಗಳು ಪ್ರಕಟವಾದವು. ಒಬ್ಬರಿಗೆ ಗಣಿತ ಗೊತ್ತು, ಇನ್ನೊಬ್ಬರಿಗೆ ನುಡಿ ಗೊತ್ತು. ಒಬ್ಬರಿಂದಲೇ ಆಗುವ ಕೆಲಸ ಅದಾಗಿರಲಿಲ್ಲ. ಷು ಉಳಿದದ್ದನ್ನೂ ಮುಗಿಸೋಣವೆಂದರು; ರಿಚ್ಚಿ, ಜನ ಇದನ್ನು ಹೇಗೆ ಸ್ವೀಕರಿಸುತ್ತಾರೋ ನೋಡೋಣವೆಂದರು. ಭಿನ್ನಾಭಿಪ್ರಾಯ ಬಂದರೂ ಸ್ನೇಹ ಕೆಡಲಿಲ್ಲ. ಸಮಾಂತರ ರೇಖೆಗೆ, ಲಘುಕೋನಕ್ಕೆ ಅವರು ಕೊಟ್ಟ ಹೆಸರುಗಳನ್ನೇ ಚೀನೀ ಮಕ್ಕಳು ಇಂದಿಗೂ ಶಾಲೆಯಲ್ಲಿ ಕಲಿಯುತ್ತಾರೆ.

1610ರ ಮೇ 11ರಂದು, 57ನೆಯ ವಯಸ್ಸಿನಲ್ಲಿ, ರಿಚ್ಚಿ ಬೀಜಿಂಗ್‌ನಲ್ಲಿ ತೀರಿಕೊಂಡರು. ಅವರ ಸಮಾಧಿಗೆ ವಾನ್‌ಲಿ ಚಕ್ರವರ್ತಿ ನೆಲ ಕೊಟ್ಟರು. ಪರದೇಶಿಯೊಬ್ಬನಿಗೆ ಅದು ಅಪರೂಪದ ಗೌರವ.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಚೀನೀಯರು ಹಿರಿಯರಿಗೂ ಕನ್ಫ್ಯೂಷಿಯಸನಿಗೂ ಸಲ್ಲಿಸುವ ಗೌರವ ವಿಗ್ರಹಾರಾಧನೆಯಲ್ಲ ಎಂದು ರಿಚ್ಚಿ ಅರಿತಿದ್ದರು. ಅವರ ನಂತರ ಬಂದ ಕೆಲವರು ಹಾಗೆ ಒಪ್ಪಲಿಲ್ಲ. ವಾದ ರೋಮ್ ಮುಟ್ಟಿತು. 1704ರಲ್ಲಿ ಆ ಆಚರಣೆಗಳು ಕ್ರೈಸ್ತರಿಗೆ ನಿಷಿದ್ಧವಾದವು. 1721ರಲ್ಲಿ ಚಕ್ರವರ್ತಿಯೂ ಮುನಿದು ಕ್ರೈಸ್ತ ಬೋಧನೆಯನ್ನೇ ನಿಷೇಧಿಸಿದರು. ಕಟ್ಟಲು ಹಿಡಿದ ವರ್ಷಗಳೆಷ್ಟು, ಕೆಡವಲು ಸಾಕಾದ ಆಜ್ಞೆಗಳೆಷ್ಟು! ಹನ್ನೆರಡನೆಯ ಪಯಸ್ ಜಗದ್ಗುರುಗಳ ಕಾಲದಲ್ಲಿ, 1939ರಲ್ಲಿ, ಧರ್ಮಸಭೆ ಆ ನಿಷೇಧವನ್ನು ಸಡಿಲಿಸಿತು. 2022ರ ಡಿಸೆಂಬರಿನಲ್ಲಿ ಫ್ರಾನ್ಸಿಸ್ ಜಗದ್ಗುರುಗಳು ರಿಚ್ಚಿಯವರ ವೀರ ಸದ್ಗುಣಗಳನ್ನು ಮಾನ್ಯ ಮಾಡಿದರು.

ಪ್ರಿಯ ಓದುಗರೇ, ರಿಚ್ಚಿ ತಮ್ಮ ವಿಶ್ವಾಸವನ್ನು ಬಿಡಲಿಲ್ಲ, ತಮ್ಮ ವಿದ್ಯೆಯನ್ನೂ ಮುಚ್ಚಿಡಲಿಲ್ಲ. ಆದರೆ ಪಕ್ಕದವನಿಲ್ಲದೆ ತನ್ನ ಕೆಲಸ ಪೂರ್ಣವಾಗದು ಎಂಬುದನ್ನು ನಾಚಿಕೆಯಿಲ್ಲದೆ ಒಪ್ಪಿಕೊಂಡರು. ನಾಳೆ ಕೆಲಸಕ್ಕೆ ಹೋದಾಗ, ಬೇರೆ ನಾಡಿನ ಆ ಸಹೋದ್ಯೋಗಿಗೆ ಏನಾದರೂ ತಿಳಿಹೇಳುವ ಮೊದಲು, ಒಂದು ವಿಷಯವನ್ನಾದರೂ ಅವರಿಂದ ಕೇಳಿ ಕಲಿಯಿರಿ. ಸ್ನೇಹಕ್ಕೆ ಬಾಗಿಲು ಅಲ್ಲಿಂದಲೇ ತೆರೆದೀತು.