ಲಿಂಕನ್ನನ ಸರದಿ

ಅಬ್ರಹಾಂ ಲಿಂಕನ್ನನ ಸೋಲುಗಳ ಪಟ್ಟಿಯೊಂದು ನಮ್ಮ ಶಾಲಾ ಕಾಲೇಜುಗಳಲ್ಲಿ ಬಹುಕಾಲದಿಂದ ಪ್ರಚಾರದಲ್ಲಿದೆ. ವ್ಯಾಪಾರದಲ್ಲಿ ಸೋಲು, ಚುನಾವಣೆಯಲ್ಲಿ ಸೋಲು, ಮತ್ತೆ ಸೋಲು, ಕಟ್ಟಕಡೆಗೆ ರಾಷ್ಟ್ರಾಧ್ಯಕ್ಷ ಪದವಿ. ಎದೆಗುಂದಿದ ವಿದ್ಯಾರ್ಥಿಗಳಿಗೆ ಧೈರ್ಯ ತುಂಬಲೆಂದು ನಾನೂ ಅದನ್ನು ಅನೇಕ ವರ್ಷ ತರಗತಿಯಲ್ಲಿ ಓದಿ ಹೇಳಿದ್ದುಂಟು. ಆ ಪಟ್ಟಿಯಲ್ಲಿ 1848ರ ಎದುರಿಗೆ, ಕಾಂಗ್ರೆಸ್ಸಿಗೆ ಮರಳಿ ಹೋಗುವುದರಲ್ಲಿ ಸೋಲು ಎಂದಿರುತ್ತದೆ. ಒಮ್ಮೆ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, ಆ ವರ್ಷ ಆತನನ್ನು ಸೋಲಿಸಿದವರು ಯಾರು ಎಂದು ಕೇಳಿದಳು. ನಾನು ನಿರುತ್ತರನಾದೆ. ಮನೆಗೆ ಬಂದು ಗ್ರಂಥಗಳನ್ನು ತಿರುವಿದಾಗ ತಿಳಿದುದಿಷ್ಟು: ಯಾರೂ ಸೋಲಿಸಿರಲಿಲ್ಲ, ಆತ ಸ್ಪರ್ಧಿಸಿಯೇ ಇರಲಿಲ್ಲ.

1809ರ ಫೆಬ್ರುವರಿ 12ರಂದು ಕೆಂಟಕಿಯ ಮರದ ದಿಮ್ಮಿಗಳ ಗುಡಿಸಲೊಂದರಲ್ಲಿ ಹುಟ್ಟಿ, ಇಂಡಿಯಾನಾದ ಕಾಡಿನಲ್ಲಿ ಬೆಳೆದು, ಇಲಿನಾಯ್ ಪ್ರಾಂತಕ್ಕೆ ಬಂದು ನೆಲೆಸಿದ ಲಿಂಕನ್ನನ ಬಾಲ್ಯವನ್ನು ಬಲ್ಲದ ವಾಚಕರಿಲ್ಲ. 1834ರಿಂದ ಮೊದಲ್ಗೊಂಡು ನಾಲ್ಕು ಬಾರಿ ಆತ ಆ ಪ್ರಾಂತದ ಶಾಸನಸಭೆಗೆ ಆಯ್ಕೆಯಾದ. 1837ರಲ್ಲಿ ಸ್ಪ್ರಿಂಗ್‌ಫೀಲ್ಡಿಗೆ ಬಂದು ವಕೀಲನಾಗಿ ಹೆಸರು ಗಳಿಸಿದ. ಆತನ ಮುಂದಿನ ಆಸೆ ರಾಷ್ಟ್ರದ ಪ್ರತಿನಿಧಿ ಸಭೆ. ಆದರೆ ಇಲಿನಾಯ್‌ನ ಏಳು ಕ್ಷೇತ್ರಗಳಲ್ಲಿ ಆತನ ವಿಗ್ ಪಕ್ಷಕ್ಕೆ ಭದ್ರವಾಗಿದ್ದುದು ಒಂದೇ ಒಂದು. ಅದನ್ನು ಬಯಸಿದ ಗೆಳೆಯರು ಮೂವರು: ಜಾನ್ ಹಾರ್ಡಿನ್, ಎಡ್ವರ್ಡ್ ಬೇಕರ್ ಮತ್ತು ಲಿಂಕನ್.

1843ರಲ್ಲಿ ಪೀಕಿನ್ ಎಂಬ ಊರಿನಲ್ಲಿ ಸೇರಿದ ಪಕ್ಷದ ಸಭೆ ಹಾರ್ಡಿನ್ನನನ್ನು ಆರಿಸಿತು. ಅಲ್ಲಿಯೇ ಲಿಂಕನ್, ಮುಂದಿನ ಬಾರಿ ಬೇಕರನು ತಕ್ಕವನೆಂಬ ಗೊತ್ತುವಳಿಯನ್ನು ಮಂಡಿಸಿ ಒಪ್ಪಿಸಿದ. ಒಬ್ಬನ ತರುವಾಯ ಇನ್ನೊಬ್ಬ, ಒಬ್ಬೊಬ್ಬನಿಗೆ ಒಂದೇ ಅವಧಿ ಎಂಬ ಸರದಿ ಹೀಗೆ ರೂಢಿಗೆ ಬಂತು. ಇದು ರಾಜ್ಯಾಂಗದ ವಿಧಿಯಲ್ಲ, ಶಾಸನವೂ ಅಲ್ಲ. ಗೆಳೆಯರ ನಡುವಿನ ಮಾತು. ಬೇಕರನ ಮೇಲೆ ಲಿಂಕನ್ನನಿಗಿದ್ದ ಪ್ರೀತಿ ಎಷ್ಟೆಂದರೆ, 1846ರಲ್ಲಿ ಹುಟ್ಟಿದ ತನ್ನ ಎರಡನೆಯ ಮಗನಿಗೆ ಅವನ ಹೆಸರನ್ನೇ ಇಟ್ಟ.

ಅದೇ ವರ್ಷ ಸರದಿ ತನ್ನದಾದಾಗ ಹಾರ್ಡಿನ್ ಮತ್ತೆ ಸ್ಪರ್ಧೆಗೆ ಬರಬಯಸಿದ. ಲಿಂಕನ್ ಬಗ್ಗಲಿಲ್ಲ. ಹಾರ್ಡಿನ್ನನ ಯೋಗ್ಯತೆಯನ್ನು ಆತ ಅಲ್ಲಗಳೆಯಲಿಲ್ಲ. ಸರದಿಯ ನ್ಯಾಯವೊಂದನ್ನೇ ಹಿಡಿದು, ಊರೂರಿನ ಮುಖಂಡರಿಗೆ ಪತ್ರ ಬರೆದು ವಾದಿಸಿದ. ಹಾರ್ಡಿನ್ ಹಿಂದೆಗೆದ. ಆ ಆಗಸ್ಟಿನಲ್ಲಿ ಪೀಟರ್ ಕಾರ್ಟ್‌ರೈಟ್ ಎಂಬ ಪ್ರಸಿದ್ಧ ಮೆಥಡಿಸ್ಟ್ ಬೋಧಕನನ್ನು ಸೋಲಿಸಿ ಲಿಂಕನ್ ಗೆದ್ದ. ನಿಯಮ ಪೀಠವನ್ನು ತಂದುಕೊಡುವಾಗ ಅದನ್ನು ಎತ್ತಿಹಿಡಿಯುವುದು ಸುಲಭ. ಪರೀಕ್ಷೆ ಇನ್ನೂ ಮುಂದಿತ್ತು.

1847ರ ಡಿಸೆಂಬರಿನಲ್ಲಿ ವಾಷಿಂಗ್ಟನ್ನಿನ ಸಭೆಯಲ್ಲಿ ಆತ ಕುಳಿತಾಗ ಮೆಕ್ಸಿಕೋದೊಡನೆ ಹೂಡಿದ ಯುದ್ಧ ಇನ್ನೂ ಮುಗಿದಿರಲಿಲ್ಲ. ಹಾರ್ಡಿನ್ ಆ ವರ್ಷ ಫೆಬ್ರುವರಿಯಲ್ಲಿಯೇ ಬ್ಯುಯೆನಾ ವಿಸ್ತಾದ ಕಾಳಗದಲ್ಲಿ ಮಡಿದಿದ್ದ. ಯುದ್ಧದ ಮೊದಲ ರಕ್ತ ಯಾರ ನೆಲದ ಮೇಲೆ ಬಿತ್ತೆಂಬುದನ್ನು ಅಧ್ಯಕ್ಷ ಪೋಕ್ ತಿಳಿಸಬೇಕೆಂದು ಲಿಂಕನ್ ಗೊತ್ತುವಳಿಗಳನ್ನು ತಂದು, ಸ್ವಕ್ಷೇತ್ರದ ಅನೇಕರ ಕೋಪಕ್ಕೆ ಗುರಿಯಾದ. ಆದರೂ ಆ ಪೀಠ ಆತನಿಗೆ ಹಿಡಿಸಿತ್ತು. 1848ರ ಜನವರಿಯಲ್ಲಿ ತನ್ನ ವಕೀಲಿ ಪಾಲುಗಾರ ಹರ್ನ್‌ಡನ್ನನಿಗೆ ಬರೆದ ಪತ್ರದಲ್ಲಿ ಆತ ಮನಸ್ಸನ್ನು ಮುಚ್ಚಿಡಲಿಲ್ಲ: ಬೇರೆ ಯಾರೂ ಬಯಸದಿದ್ದರೆ ತಾನು ಮರಳಿ ಬರಲು ಒಲ್ಲೆನೆನ್ನುವುದಿಲ್ಲ, ಆದರೆ ಇನ್ನೊಬ್ಬರಿಗೆ ಸ್ಪರ್ಧಿಯಾಗಿ ನಿಲ್ಲುವುದನ್ನು ಕೊಟ್ಟ ಮಾತೂ ಮರ್ಯಾದೆಯೂ ತಡೆಯುತ್ತವೆ ಎಂಬುದು ಅದರ ತಾತ್ಪರ್ಯ. ಇನ್ನೊಬ್ಬರು ಬಯಸಿದರು: ಆತನ ಹಿಂದಿನ ಪಾಲುಗಾರ ಸ್ಟೀಫನ್ ಲೋಗನ್. ಹಾರ್ಡಿನ್ನನ ವಿರುದ್ಧ ಯಾವ ನ್ಯಾಯವನ್ನು ಎತ್ತಿಹಿಡಿದಿದ್ದನೋ ಅದೇ ನ್ಯಾಯಕ್ಕೆ ಎರಡೇ ವರ್ಷದಲ್ಲಿ ಲಿಂಕನ್ ತಲೆಬಾಗಿದ.

ಇದರ ಫಲ ಸಿಹಿಯಾಗಲಿಲ್ಲ. ಆಗಸ್ಟಿನ ಚುನಾವಣೆಯಲ್ಲಿ ಮೆಕ್ಸಿಕೋ ಯುದ್ಧದಿಂದ ಮರಳಿದ್ದ ಥಾಮಸ್ ಹ್ಯಾರಿಸ್ ಎಂಬಾತನಿಗೆ ಲೋಗನ್ 106 ಮತಗಳಿಂದ ಸೋತ. ಭದ್ರವಾದ ಕ್ಷೇತ್ರ ಪಕ್ಷದ ಕೈತಪ್ಪಿತು. ಬೇಕರನಾದರೋ ಗಲೀನಾ ಎಂಬ ಊರಿಗೆ ಹೋಗಿ ನೆಲೆಸಿ, ಬೇರೊಂದು ಕ್ಷೇತ್ರದಿಂದ ಅದೇ ವರ್ಷ ಗೆದ್ದು ಬಂದ. ಅಧ್ಯಕ್ಷ ಪದವಿಗೆ ನಿಂತಿದ್ದ ಜಖಾರಿ ಟೇಲರನಿಗಾಗಿ ಲಿಂಕನ್ ಮ್ಯಾಸಚೂಸೆಟ್ಸಿನವರೆಗೆ ಹೋಗಿ ಭಾಷಣ ಮಾಡಿದ. ಟೇಲರ್ ಗೆದ್ದ, ಲಿಂಕನ್ ಬಯಸಿದ ಭೂಕಚೇರಿಯ ಅಧಿಕಾರ ಮಾತ್ರ ಬೇರೊಬ್ಬನ ಪಾಲಾಯಿತು. 1849ರ ಮಾರ್ಚಿನಲ್ಲಿ ಅವಧಿ ಮುಗಿಸಿ ಆತ ಮತ್ತೆ ವಕೀಲಿಗೆ ಮರಳಿದ.

ಸರದಿಯ ಪದ್ಧತಿಯನ್ನು ನಾನು ಇಲ್ಲಿ ಹೊಗಳಹೊರಟಿಲ್ಲ. ಅದರಲ್ಲಿ ಕುಂದುಂಟು. ಮತದಾರರ ಪೀಠವನ್ನು ಗೆಳೆಯರು ತಮ್ಮೊಳಗೆ ಹಂಚಿಕೊಂಡಂತಾಯಿತೆಂದು ಯಾರಾದರೂ ಆಕ್ಷೇಪಿಸಿದರೆ ಅಲ್ಲಗಳೆಯುವುದು ಕಷ್ಟ. ಕೆಲಸ ಕಲಿತವನು ಕಲಿತೊಡನೆ ಹೊರಡಬೇಕಾದ ನಷ್ಟವೂ ಉಂಟು. ಲಿಂಕನ್ನನಿದ್ದ ಸಭೆಯಲ್ಲೇ ವೃದ್ಧ ಜಾನ್ ಕ್ವಿನ್ಸಿ ಆಡಮ್ಸ್ ಕುಳಿತಿದ್ದ. ಅಧ್ಯಕ್ಷ ಪದವಿಯಿಂದ ಇಳಿದ ಮೇಲೆ 1831ರಿಂದ ಬಿಡದೆ ಆಯ್ಕೆಯಾಗಿ ಗುಲಾಮಗಿರಿಯ ಪಕ್ಷಪಾತಿಗಳೊಡನೆ ಹೋರಾಡಿದ ಆತ, 1848ರ ಫೆಬ್ರುವರಿ 21ರಂದು ಸಭೆಯಲ್ಲೇ ಕುಸಿದು, ಎರಡು ದಿನಗಳ ಮೇಲೆ ಆ ಭವನದಲ್ಲೇ ಪ್ರಾಣ ಬಿಟ್ಟ. ಅವನಿಗೆ ಒಂದೇ ಅವಧಿಯ ಕಟ್ಟು ಇದ್ದಿದ್ದರೆ ನಷ್ಟ ರಾಷ್ಟ್ರದ್ದು.

ಆದುದರಿಂದ ನನ್ನ ಮೆಚ್ಚುಗೆ ಪದ್ಧತಿಗಲ್ಲ, ನಡತೆಗೆ. ಅದು ಕ್ಷಣಿಕವಲ್ಲವೆಂಬುದಕ್ಕೆ ಇನ್ನೊಂದು ಸಾಕ್ಷಿಯಿದೆ. 1854ರಲ್ಲಿ ಹೊಸ ಪ್ರಾಂತಗಳಿಗೆ ಗುಲಾಮಗಿರಿ ಹರಡಲು ಎಡೆಮಾಡಿದ ಕಾನೂನು ಲಿಂಕನ್ನನನ್ನು ಮತ್ತೆ ರಾಜಕಾರಣಕ್ಕೆ ಎಳೆಯಿತು, 1860ರಲ್ಲಿ ಆತ ಅಧ್ಯಕ್ಷನಾದ, ಅಂತರ್ಯುದ್ಧ ಹೊತ್ತಿತು. 1864ರ ಚುನಾವಣೆ ಸಮೀಪಿಸಿದಾಗ ಸೋಲು ಖಚಿತವೆಂದು ಆತನಿಗೇ ತೋರಿತ್ತು. ಆಗಸ್ಟ್ 23ರಂದು, ತಾನು ಸೋತರೆ ಗೆದ್ದವನೊಡನೆ ಸಹಕರಿಸಿ, ಅವನು ಅಧಿಕಾರ ವಹಿಸುವುದರೊಳಗೆ ಒಕ್ಕೂಟವನ್ನು ಉಳಿಸುವುದು ತನ್ನ ಕರ್ತವ್ಯವೆಂದು ಒಂದು ಚೀಟಿಯಲ್ಲಿ ಬರೆದು, ಮಡಿಚಿ, ಒಳಗೇನಿದೆಯೆಂದು ತೋರಿಸದೆ ಮಂತ್ರಿಗಳೆಲ್ಲರಿಂದ ಹಿಂಬದಿಯಲ್ಲಿ ರುಜು ಹಾಕಿಸಿದ. ಯುದ್ಧದ ನೆಪವೊಡ್ಡಿ ಚುನಾವಣೆಯನ್ನು ಮುಂದೂಡಲಿಲ್ಲ. ಗೆದ್ದ ಮೇಲೆ ನವೆಂಬರಿನಲ್ಲಿ ಆ ಚೀಟಿಯನ್ನು ಅವರ ಮುಂದೆ ಬಿಚ್ಚಿಸಿದ. ಐದು ತಿಂಗಳು ಕಳೆದು, 1865ರ ಏಪ್ರಿಲ್ 15ರಂದು, ಹಂತಕನ ಗುಂಡಿಗೆ ಬಲಿಯಾದ.

ಅಮೆರಿಕದಲ್ಲಿ ಅಧ್ಯಕ್ಷನಾಗಿ ಎರಡಕ್ಕಿಂತ ಹೆಚ್ಚು ಬಾರಿ ಆಯ್ಕೆಯಾಗಕೂಡದೆಂಬ ವಿಧಿ 1951ರಲ್ಲಿ ರಾಜ್ಯಾಂಗವನ್ನು ಸೇರಿತು. ಕಾಂಗ್ರೆಸ್ ಸದಸ್ಯರಿಗೆ ಪ್ರಾಂತಗಳು ಇಂಥ ಮಿತಿ ಹಾಕಲಾಗದೆಂದು 1995ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ನಮ್ಮ ಸಂವಿಧಾನದಲ್ಲಿಯೂ ಸಂಸತ್ ಸದಸ್ಯರಿಗೆ ಅಂಥ ಮಿತಿಯಿಲ್ಲ. ಹೀಗಾಗಿ ಪ್ರತಿ ಮಹಾಚುನಾವಣೆಯ ಮುನ್ನ ಯಾರು ಉಳಿಯಬೇಕು, ಯಾರು ಹೊರಡಬೇಕು ಎಂಬ ಚರ್ಚೆ ಏಳುತ್ತದೆ. ಮಿತಿ ಬೇಕೋ ಬೇಡವೋ ಎಂಬುದನ್ನು ಬಲ್ಲವರು ತೀರ್ಮಾನಿಸಲಿ. ಪೀಠವನ್ನು ತಂದುಕೊಟ್ಟ ನಿಯಮವೇ ಪೀಠವನ್ನು ಕೇಳಿದಾಗ ಮನುಷ್ಯ ಹೇಗೆ ನಡೆದುಕೊಳ್ಳುತ್ತಾನೆಂಬ ಪ್ರಶ್ನೆ ಮಾತ್ರ ಶಾಸನದಿಂದ ಬಗೆಹರಿಯುವಂಥದಲ್ಲ.

ಆ ಪಟ್ಟಿ ನನ್ನ ಬಳಿ ಈಗಲೂ ಇದೆ. 1848ರ ಎದುರಿನ ಸೋಲು ಎಂಬ ಪದವನ್ನು ಹೊಡೆದುಹಾಕಿದ್ದೇನೆ. ಅಲ್ಲಿ ಗೆಲುವು ಎಂದು ಬರೆಯಲು ಲೋಗನ್ನನ 106 ಮತಗಳು ಬಿಡುವುದಿಲ್ಲ. ಮಾತು ಉಳಿಸಿಕೊಂಡ ಎಂದಷ್ಟೇ ಬರೆದಿದ್ದೇನೆ. ಪ್ರಶ್ನೆ ಕೇಳಿದ ವಿದ್ಯಾರ್ಥಿನಿಗೆ ನಾನು ಋಣಿ.